ಬಾಡಿಗೆ ಹೆಸರು

ಮಾರ್ಚ್ 6, 2011. ಭಾನುವಾರ

ಡ್ಯೂಟಿ ಇಲ್ಲ. ಚಹಾ ಎರಡು ಸಲ. ಅವ್ವ ಬೆಳಿಗ್ಗೆ ಹಿತ್ತಲಿನ ಆಡಿಗೆ ಬೈದಳು, ನೀರು ಬಾರದ ನಲ್ಲಿಗೆ ಬೈದಳು, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿದಳು. "ಏ ಭಾಡ್ಯಾ, ಇಸ್ತ್ರಿ ಮಾಡಿದ್ದ ಅಂಗಿ ಹಾಕ್ಕೊ. ದೇವರ ಮುಂದ ನಿಂದ್ರಾವ ಅದಿ."

ನಲವತ್ತಾರು ವರ್ಷದಿಂದ ಇದೇ. ನನ್ನ ಹೆಸರು ದಶರಥ ಎಂಬುದು ಶಾಲೆಗೆ ಗೊತ್ತಿತ್ತು. ನಿಪ್ಪಾಣಿ ಬಸ್ ಸ್ಟ್ಯಾಂಡಿಗೆ ಗೊತ್ತು, ಸಭೆಗೆ ಗೊತ್ತು. ಅವ್ವನ ಬಾಯಿಗೆ ಮಾತ್ರ ಗೊತ್ತಿಲ್ಲ.

ಇವತ್ತು ಸಭೆಯಲ್ಲಿ ಆದದ್ದು. ಪಾಸ್ಟರ್ ಜ್ಞಾನಮಿತ್ರ ಬಂದು ಇನ್ನೂ ಎರಡು ತಿಂಗಳು. ಚಾಮರಾಜನಗರದ ಕಡೆಯವರು, ಮೃದು ಮಾತು. ಕೊನೆಯ ಪ್ರಾರ್ಥನೆ. ಕಣ್ಣು ಮುಚ್ಚಿ, ಕೈ ಎತ್ತಿ — "ಕರ್ತನೇ, ನಮ್ಮ ಪ್ರೀತಿಯ ಸಹೋದರ ಭಾಡ್ಯಾ ಅವರ ಮಂಡಿ ನೋವನ್ನು ವಾಸಿಮಾಡು."

ಹೆಂಗಸರ ಕಡೆ ಸೆರಗುಗಳು ಬಾಯಿಗೆ ಹೋದವು. ಢೋಲಕಿ ಬಾರಿಸುವ ಉತ್ತಮ ಅದರ ಮೇಲೆ ತಲೆಯಿಟ್ಟು ನಕ್ಕ, ಢೋಲಕಿಯೂ ನಕ್ಕಿತು. ಆಮೆನ್ ಹೇಳುವವರಿಲ್ಲ. ನಾನೊಬ್ಬನೇ ಹೇಳಿದೆ. ಮಂಡಿ ನನ್ನದು.

ಹೊರಗೆ ಬಂದ ಮೇಲೆ ಪಾಸ್ಟರ್ ಗಾಬರಿಯಲ್ಲಿದ್ದರು. "ತಾಯಿಯವರು ಅಷ್ಟು ಪ್ರೀತಿಯಿಂದ ಕರೀತಾರೆ... ಬಾಡಿಗೆ ಮನೇಲಿದ್ದೀರಲ್ಲ, ಅದಕ್ಕೇ ಬಂದಿರೋ ಹೆಸರು ಅಂದ್ಕೊಂಡೆ."

ಉತ್ತಮ ಹೇಳಿದ, "ಬಾಡಿಗಿ ಖರೇ ರೀ. ಆದ್ರ ಮನೀದಲ್ಲ, ಹೇಂತೀದು."

ಪಾಸ್ಟರರ ಕಿವಿ ಕೆಂಪಾದದ್ದನ್ನು ನೋಡಿದೆ. ನನಗೆ ನಾಚಿಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮಾರ್ಚ್ 9. ಸಂಜೆ 6

ಪಾಸ್ಟರ್ ಮನೆಗೆ ಬಂದಿದ್ದರು. ಈಸ್ಟರ್ ದಿನ ಬೋರಗಾಂವದ ಹೊಳೆಯಲ್ಲಿ ಅವ್ವನ ದೀಕ್ಷಾಸ್ನಾನ. ಅವಳೇ ಕೇಳಿಕೊಂಡದ್ದು. ನಾನು ಸಭೆ ಸೇರಿ ಹದಿನೆಂಟು ವರ್ಷ, ಅಷ್ಟೂ ವರ್ಷ ಹಿಂದಿನ ಚಾಪೆಯ ಮೇಲೆ ಕೂತು ಎದ್ದು ಬಂದವಳು, ಈ ಸಂಕ್ರಾಂತಿಗೆ ಇದ್ದಕ್ಕಿದ್ದಂತೆ — "ಸತ್ತಮ್ಯಾಲ ನೀ ಒಂದ ಬಸ್ಸಿಗಿ, ನಾ ಒಂದ ಬಸ್ಸಿಗಿ ಆಗಬಾರದು. ನನಗೂ ನೀರಾಗ ಮುಳಗಸ್ರಿ."

ಬಸ್ ಸ್ಟ್ಯಾಂಡ್ ಕಂಟ್ರೋಲರನ ತಾಯಿ. ಹಾಗೇ ಯೋಚಿಸುತ್ತಾಳೆ.

ಪಾಸ್ಟರ್ ನಿಧಾನವಾಗಿ ಶುರು ಮಾಡಿದರು. "ಅಮ್ಮಾ, ಸ್ತೋತ್ರ ಹೇಳೋ ಬಾಯಲ್ಲೇ ಬೈಗುಳ ಬರಬಾರದು."

"ನನಗ ಇರೂದ ಒಂದ ಬಾಯಿ ರೀ. ಇನ್ನೊಂದ ಎಲ್ಲಿಂದ ತರ್ಲಿ?"

"ಬಿಡೋಕೆ ಪ್ರಯತ್ನ ಮಾಡಿ."

"ಏಸು ಸ್ವಾಮಿ ಆ ಮಂದೀಗಿ ಹಾವಿನ ಮರಿಗೋಳ ಅಂದಿಲ್ಲೇನ್ರಿ? ಹೋದ ವಾರ ನೀವ ಓದಿದ್ರಿ."

"ಅದು... ಆ ಸಂದರ್ಭ ಬೇರೆ."

"ನಮ್ಮ ಆಡ ನೀವ ನೋಡಿಲ್ಲ. ಅದೂ ಸಂದರ್ಭನ."

ಒಳಗೆ ನನ್ನ ಹೆಂಡತಿ ಮಂಗಲ ಚಹಾದ ಬಸಿ ಬೀಳಿಸಿದಳು. ಪಾಸ್ಟರೂ ನಕ್ಕರು, ಆದರೆ ಬಿಡಲಿಲ್ಲ. ಮಗನಿಂದಲೇ ಶುರುವಾಗಲಿ. ಈಸ್ಟರ್ ಒಳಗೆ ಒಂದು ಸಲ ಅವರನ್ನು ಹೆಸರು ಹಿಡಿದು ಕರೆಯಿರಿ. ಆಗದಿದ್ದರೆ ದೀಕ್ಷಾಸ್ನಾನ ಮುಂದಿನ ವರ್ಷ ನೋಡೋಣ ಎಂದರು.

ಅವ್ವನ ಮುಖ ಇಳಿಯಿತು. ಎಪ್ಪತ್ತನಾಲ್ಕು ಅವಳಿಗೆ. ಮುಂದಿನ ವರ್ಷ ಎಂಬುದು ಅವಳ ಪಾಲಿಗೆ ವೇಳಾಪಟ್ಟಿಯಲ್ಲಿಲ್ಲದ ಬಸ್ಸು. "ಆತ್ರಿ" ಎಂದಳು. ನನ್ನ ಕಡೆ ನೋಡಲಿಲ್ಲ.

ಮಾರ್ಚ್ 15. ಮಧ್ಯಾಹ್ನ, ಕಂಟ್ರೋಲ್ ರೂಮ್

ಅಥಣಿ ಗಾಡಿ ನಲವತ್ತು ನಿಮಿಷ ಲೇಟು. ಡ್ರೈವರ್ ಪಾರಿಸ ಕಿಟಕಿಯಲ್ಲಿ ತಲೆ ಹಾಕಿ ಟೈರಿನ ಅವ್ವನನ್ನೂ ಅಕ್ಕನನ್ನೂ ಎರಡು ಭಾಷೆಯಲ್ಲಿ ನೆನೆದು ಹೋದ. ಈ ಸ್ಟ್ಯಾಂಡಿನಲ್ಲಿ ಬೈಯದವನು ನಾನೊಬ್ಬ. ಸಭೆಯವರು ಇದನ್ನು ನನ್ನ ಭಕ್ತಿ ಎಂದುಕೊಂಡಿದ್ದಾರೆ. ಆಲಸ್ಯ ಇರಬಹುದು. ಬೈಯಲು ಎದುರಿಗಿದ್ದವನು ತೀರ ಹತ್ತಿರದವನು ಅನ್ನಿಸಬೇಕು.

ಅವ್ವ ಮಾತು ಉಳಿಸಿಕೊಂಡಿದ್ದಾಳೆ. ತಂಬಾಕಿನ ವಖಾರಿಯಲ್ಲಿ ಮೂವತ್ತು ವರ್ಷ ಜರಡಿ ಹಿಡಿದು ಕಲಿತ ಮಾತುಗಳೆಲ್ಲ ಬಂದ್. ಬದಲಿಗೆ ಹೊಸವು, ಬೈಬಲ್ಲಿನ ಕೆಟ್ಟವರ ಹೆಸರುಗಳು. ಆಡು ಈಗ ಹೆರೋದ. ಹಾಲಿನಲ್ಲಿ ನೀರು ಬೆರೆಸುವವನು ಫರಿಸಾಯ. ನಿನ್ನೆ ಆ ಮಾತು ಕಿವಿಗೆ ಬಿದ್ದು ಪಕ್ಕದ ಮನೆಯ ದ್ರೌಪದಿ ಓಣಿಗೇ ಕೇಳುವಂತೆ ಜಗಳಕ್ಕೆ ಬಂದಳು. "ಫರಿಸಾಯ ಅಂದ್ರ ಏನಬೇ ಮುದುಕಿ? ನಮ್ಮವ್ವಗ ಏನರ ಅಂದ್ಯಾ?"

"ನಿಮ್ಮವ್ವನ ಸುದ್ದಿ ಅಲ್ಲ. ಅಂವ ದೇವರ ಗುಡ್ಯಾಗ ಇರ್ತಾನ."

"ಹಂಗಾದ್ರ ಆತು" ಎಂದು ಹೋದಳು.

ಹೆರೋದಾ ಎಂದು ಕೂಗುವಾಗಲೂ ಅವ್ವನ ದನಿಯ ಬಿಸಿ ಹಳೆಯದೇ. ಆಡು ಹಳೆಯ ಹಾಗೇ ಓಡುತ್ತದೆ. ತಪ್ಪು ಮಾತಿನಲ್ಲಿದೆಯೋ, ಉಸಿರಿನಲ್ಲಿದೆಯೋ... ಪಾಸ್ಟರನ್ನು ಕೇಳಬೇಕು.

ನನಗೆ ಮಾತ್ರ ಏನೂ ಇಲ್ಲ. "ಮಂಗಲಾ, ನಿನ್ನ ಗಂಡಗ ಊಟಕ್ಕ ಹೇಳು." ಆರು ದಿನವಾಯಿತು. ಬೋರ್ಡ್ ಇಲ್ಲದ ಬಸ್ಸಿನ ಹಾಗೆ ಮನೆಯಲ್ಲಿ ನಿಂತಿದ್ದೇನೆ.

ಮಾರ್ಚ್ 27

ಕರೋಶಿಗೆ ಹೋಗಿದ್ದೆ, ಅವ್ವನ ತಂಗಿ ಅಕ್ಕುತಾಯಿಯ ಮನೆಗೆ. ಕಾರಣ ಏನೂ ಹೇಳಲಿಲ್ಲ. ಅವಳೇ ಕೇಳಿದಳು. "ಅಕ್ಕ ನಿನ್ನ ಹೆಸರ ಹಿಡದಾಳೇನೋ?"

ಇಲ್ಲ ಎಂದೆ.

"ಹಿಡಿಯಂಗಿಲ್ಲ. ನಿನಕಿಂತ ಮೊದಲ ಮೂರ ಗಂಡಕೂಸ ಹುಟ್ಟಿದ್ದು. ಚಂದ ಚಂದ ಹೆಸರ ಇಟ್ಲು. ಒಂದೂ ತೊಟ್ಟಿಲಾ ದಾಟಲಿಲ್ಲ. ನೀ ಹುಟ್ಟಿದಾಗ ತಿಪ್ಪಿ ಮ್ಯಾಲ ಒಗದ್ಲು. ಒಂದ ಮರಾ ತೌಡ ಕೊಟ್ಟ ನಾನ ನಿನ್ನ ಕೊಂಡೇನಿ, ಗೊತ್ತೇನ? ಆಮ್ಯಾಲ ಆಕೀ ಉಡ್ಯಾಗ ಹಾಕಿದ್ನಿ."

ಮೂರು ಮಕ್ಕಳು ಹೋದದ್ದು ಗೊತ್ತಿತ್ತು. ತೌಡು ಗೊತ್ತಿರಲಿಲ್ಲ.

"ಚಲೋ ಹೆಸರ ಹಿಡದ ಕರದ್ರ ಸಾವಿಗಿ ಕೇಳಸತೈತಿ. ಭಾಡ್ಯಾ ಅಂತ ಕರದ್ರ, ಹೋಗ್ಲಿ ಬಿಡು, ಇದ್ಯಾವ್ದೋ ಕಸ ಅಂತ ಮುಂದ ಹೊಕ್ಕೈತಿ. ದಶರಥ ಅಂತ ಸಾಲ್ಯಾಗ ಬರಸಿದಾಂವ ನಿಮ್ಮಪ್ಪ. ಆಕಿ ಮೂರ ದಿನ ಉಂಡಿದ್ದಿಲ್ಲ."

ವಾಪಸ್ಸು ಬರುವಾಗ ಕಿಟಕಿ ಪಕ್ಕ ಸೀಟು. ಕಬ್ಬು, ಕಬ್ಬು, ಮಧ್ಯೆ ಚಿಕ್ಕೋಡಿ, ಮತ್ತೆ ಕಬ್ಬು. ಒಂದು ಮೊರ ತೌಡು. ಇಷ್ಟು ವರ್ಷ ಒಂದು ಮಾತಿನ ಹಿಂದೆ ಅಡಗಿ ಕೂತಿದ್ದೆ. ಅಡಗಿದವನಿಗೇ ಸುದ್ದಿ ಇರಲಿಲ್ಲ.

ಏಪ್ರಿಲ್ 10. ಭಾನುವಾರ

ಎರಡು ವಾರ ಬರೆಯಲಿಲ್ಲ. ಬರೆಯಲು ಕೂತರೆ ತೌಡು ಎಂದಷ್ಟೇ ಬರೆಯುವ ಹಾಗಿತ್ತು.

ಇವತ್ತು ಪಾಸ್ಟರಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ಆವತ್ತು ಪ್ರಾರ್ಥನೇಲಿ ನಾನು ಹೇಳಿದ್ದು ಅಂಥ ತಪ್ಪೇನಲ್ಲ" ಎಂದರು. ಆಮೇಲೆ, "ಶರತ್ತು ಬೇಡ. ತಾಯಿಯವರಿಗೆ ಹೇಳಿ. ಹೇಗೆ ಕರೀತಾರೋ ಹಾಗೇ ಕರೀಲಿ."

ಖುಷಿಯಿಂದ ಮನೆಗೆ ಬಂದು ಹೇಳಿದೆ. ಅವ್ವ ಮೆಂತ್ಯೆ ಸೋಸುತ್ತಿದ್ದಳು.

"ಅವ್ರು ಬಿಟ್ರೂ ನಾ ಬಿಡಂಗಿಲ್ಲ. ಮಾತ ಕೊಟ್ಟೇನಿ."

"ಹೆದರಿಕಿ ಆಗತೈತಿ ಅಲ್ಲಬೇ?"

"ಆಗತೈತಿ." ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಹುಳ ಇದೆಯೇನೋ ಎಂದು. "ಹೆದರಿಕಿ ಇಟಗೊಂಡ ನೀರಾಗ ಇಳದ್ರ ಅದು ಬರೇ ಜಳಕ ಆಕ್ಕೈತಿ."

ಏಪ್ರಿಲ್ 18

ಮಂಗಲ ನಗುತ್ತ ಬಂದು ಹೇಳಿದ್ದು. ಶನಿವಾರದಿಂದ ಹೆರೋದ ಎಂಬ ಹೆಸರು ರದ್ದು. ಹಿತ್ತಲಲ್ಲಿ ಯಾರೂ ಇಲ್ಲದಾಗ ಅವ್ವ ಆಡನ್ನು ದಶರಥಾ ಎಂದು ಕರೆಯುತ್ತಿದ್ದಾಳೆ. ಮೊದಲು ಪಿಸುಮಾತಿನಲ್ಲಿ, ಆಮೇಲೆ ಸ್ವಲ್ಪ ಜೋರಾಗಿ. ಕರೆದು, ಕೂತು, ನೋಡುತ್ತಾಳೆ.

ಆಡಿಗೆ ಏನೂ ಆಗಿಲ್ಲ. ದ್ರೌಪದಿಯ ಮನೆಯ ಕೊತ್ತಂಬರಿ ಪೂರ್ತಿ ತಿಂದಿದೆ.

ಸಂಜೆ ಹಿತ್ತಲಿಗೆ ಹೋಗಿ ಆಡನ್ನು ನೋಡಿದೆ. ಅದೂ ನನ್ನನ್ನು ನೋಡಿತು. ನನಗಾಗಿ ಸಾವಿನ ಎದುರಿಗೆ ನಿಂತ ಪ್ರಾಣಿ... ಕೃತಜ್ಞತೆ ಹೇಗೆ ಹೇಳುವುದು ತಿಳಿಯದೆ ಒಂದು ಹಿಡಿ ಹುಲ್ಲು ಹಾಕಿ ಬಂದೆ.

ಏಪ್ರಿಲ್ 24. ಈಸ್ಟರ್

ಬೆಳಿಗ್ಗೆ ಏಳಕ್ಕೆ ಬೋರಗಾಂವ. ಹೊಳೆಯಲ್ಲಿ ನೀರು ಸೊಂಟದವರೆಗೆ, ಹಿತವಾಗಿ ತಣ್ಣಗೆ. ಸಭೆಯವರೆಲ್ಲ ದಂಡೆಯ ಮೇಲೆ. ಅವ್ವ ಬಿಳಿ ಸೀರೆ ಉಟ್ಟಿದ್ದಳು. ಇಳಿಯುವಾಗ ಕಲ್ಲು ಜಾರಿತು. ಬಾಯಿ ತೆರೆದಳು. ಎಲ್ಲರೂ ಕಾದೆವು. "ಸ್ತೋತ್ರ!" ಎಂದಳು, ಹಳೆಯ ಬಿಸಿಯಲ್ಲಿಯೇ. ಉತ್ತಮ ಆ ಕಡೆ ತಿರುಗಿ ನಿಂತ.

ಪಾಸ್ಟರ್ ಮುಳುಗಿಸಿದರು. ಗುಳ್ಳೆಗಳು ಬಂದವು. ಅಷ್ಟೊಂದು ಯಾರಿಗೂ ಬರುವುದಿಲ್ಲ. ಎತ್ತಿದಾಗ ಅವ್ವ ಕೆಮ್ಮಿದ್ದೇ ಕೆಮ್ಮಿದ್ದು.

"ಬಾಯಿ ಮುಚ್ಕೊಳ್ಳಿ ಅಂದಿದ್ನಲ್ಲಮ್ಮಾ!"

"ಮಾತಾಡಾಕತ್ತಿದ್ನಿರಿ."

ದಂಡೆಗೆ ಬಂದವಳನ್ನು ಟವೆಲ್ ಹೊದಿಸಿ ಹಿಡಿದೆ. ಹಕ್ಕಿಯಷ್ಟು ಹಗುರ. ಕಿವಿಯ ಹತ್ತಿರ ಹೇಳಿದಳು. "ಒಳಗ ಹೇಳೇನಿ ನಿನ್ನ ಹೆಸರ. ಯಾರಿಗೂ ಕೇಳಿಲ್ಲ."

ನನಗೂ ಕೇಳಲಿಲ್ಲ. ಹೊಳೆಗೆ ಕೇಳಿರಬೇಕು.

ಅದೇ ದಿನ, ಮಧ್ಯಾಹ್ನ 2.30

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಸಾರಿನ ವಾಸನೆ. ಅಡಿಗೆ ಮನೆಯಿಂದ "ದಶರಥಾ, ಊಟಕ್ಕ ಬಾ" ಎಂದು ಅವ್ವ ಕರೆದದ್ದು ಕೇಳಿತು. ಆಡನ್ನು ಕರೆಯುತ್ತಿದ್ದಾಳೆ ಎಂದುಕೊಂಡು ಬರೆಯುತ್ತಲೇ ಇದ್ದೆ.

ಎರಡನೆಯ ಸಲ, ಜೋರಾಗಿ. "ದಶರಥಾ!"

ಪೆನ್ನು ನಿಂತಿತು. ಆಡು ಊಟಕ್ಕೆ ಅಡಿಗೆ ಮನೆಗೆ ಹೋಗುವುದಿಲ್ಲ. ಓ ಎನ್ನಬೇಕು. ಬಾಯಿ ಏಳುತ್ತಿಲ್ಲ. ಈ ಹೆಸರಿಗೆ ಈ ಮನೆಯಲ್ಲಿ ಯಾವತ್ತೂ ಓಗೊಟ್ಟವನಲ್ಲ. ಮಂಗಲ ಬಾಗಿಲಲ್ಲಿ ಬಂದು ನಿಂತಿದ್ದಾಳೆ, ಕಣ್ಣು ಒರೆಸಿಕೊಳ್ಳುತ್ತ, ನಗುತ್ತ. ಮೂರನೆಯ ಸಲ —

"ಏ ದಶರಥಾ! ಕಿವಿ ಕೇಳತಾವಿಲ್ಲೋ ನಿನಗ, ಭಾ—"

ತಡೆದುಕೊಂಡಳು. ಪಾತ್ರೆಯೊಂದು ಸದ್ದು ಮಾಡಿತು.

ಹೋಗಬೇಕು. ಅನ್ನ ಆರುತ್ತದೆ. ಇನ್ನೊಂದೇ ಸಲ ಕರೆಯಲಿ, ಈ ಸಲ ಭಾಡ್ಯಾ ಎಂದು ಪೂರ್ತಿ. ಓ ಎನ್ನುತ್ತೇನೆ.