ಉಳಿತಾಯದ ಕೋಣೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಗಳಿಗೆ ಬಹುಮಾನ ಬಂದಿದೆ. ಓದಿಗಲ್ಲ ಬಿಡು. ನಮ್ಮ ಹಾಸ್ಟೆಲಿನಲ್ಲಿ ಈಗ ಕೋಣೆಕೋಣೆಗೂ ಕರೆಂಟಿನ ಮೀಟರು, ನೀರಿನ ಮೀಟರು ಕೂರಿಸಿದ್ದಾರೆ. ಈ ತಿಂಗಳು ಎಲ್ಲರಿಗಿಂತ ಕಡಿಮೆ ಬಳಸಿದ ಕೋಣೆ ನನ್ನದಂತೆ. ಬಾಗಿಲಿಗೆ ಹಸಿರು ಎಲೆಯ ಚಿತ್ರ ಅಂಟಿಸಿದ್ದಾರೆ. ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುತ್ತಿದ್ದವಳು, ಫ್ಯಾನು ಆರಿಸದೆ ಓಡುತ್ತಿದ್ದವಳು ಇವಳೇನಾ ಎಂದು ನೀನೂ ಅಪ್ಪನೂ ನಗಬಹುದು. ನಗಲಿ ಎಂದೇ ಬರೆಯುತ್ತಿದ್ದೇನೆ.

ವಾರ್ಡನ್ ಮೇಡಂ ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು, ಹೇಗಮ್ಮಾ ಮಾಡ್ದೆ, ನಾವೆಷ್ಟು ಬಡ್ಕೊಂಡ್ರೂ ಈ ಹುಡುಗೀರು ಗೀಸರ್ ಆರ್ಸಲ್ವಲ್ಲ ಅಂದರು. ಬರುವ ವಾರ ಹೊಸ ಹುಡುಗಿಯರ ಮುಂದೆ ನಾನು ಮಾತಾಡಬೇಕಂತೆ. ಹನಿ ಹನಿ ಗೂಡಿದರೆ ಹಳ್ಳ ಅಂತ ಶುರು ಮಾಡು ಎಂದು ಹೇಳಿಕೊಟ್ಟರು. ಪಕ್ಕದ ಕೋಣೆಯವಳು, ಇವ್ಳು ಸ್ನಾನ ಮಾಡಿದ್ರೆ ತಾನೇ ನೀರು ಖರ್ಚಾಗೋದು ಅಂತ ರೇಗಿಸಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಹೇಳಿದ್ದು ನಿಜ ಅಮ್ಮಾ.

ಆ ಹುಡುಗಿಯರಿಗೆ ಏನು ಹೇಳಲಿ? ಕತ್ತಲಾಗುತ್ತದೆ, ಸ್ವಿಚ್ಚು ಮಂಚದ ಪಕ್ಕದಲ್ಲೇ ಇದೆ, ಕೈ ಚಾಚಲು ಮನಸ್ಸು ಬರುವುದಿಲ್ಲ. ಹಾಗೇ ಮಲಗಿರುತ್ತೇನೆ. ಒಗೆಯುವ ಬಟ್ಟೆ ಕುರ್ಚಿಯ ಮೇಲೆ ಬೆಳೆಯುತ್ತಿದೆ. ನೀನು ಕೊಟ್ಟ ಕೆಟಲ್ ಧೂಳು ಹಿಡಿದಿದೆ. ತರಗತಿಗೂ ಹೋಗುತ್ತಿಲ್ಲ. ಅತ್ತಾದರೂ ಹಗುರಾಗೋಣವೆಂದರೆ ಅಳುವೂ ಬರುವುದಿಲ್ಲ, ಅದರಲ್ಲೂ ಉಳಿತಾಯ. ಯಾರೂ ನನ್ನನ್ನು ಏನೂ ಅಂದಿಲ್ಲ. ಪ್ರೀತಿಗೀತಿ ಏನಿಲ್ಲ, ಫೇಲೂ ಆಗಿಲ್ಲ. ಏನೂ ಅನ್ನಿಸುತ್ತಿಲ್ಲ, ಅಷ್ಟೇ. ಬಹುಮಾನ ಕೊಟ್ಟಾಗಲೂ ಬೇರೆ ಯಾರಿಗೋ ಕೊಟ್ಟ ಹಾಗಿತ್ತು.

ಇದನ್ನೆಲ್ಲ ಯಾಕೆ ಬರೆದೆನೋ. ಓಡಾಟದ ಸುಸ್ತಿರಬೇಕು, ನಾಲ್ಕು ದಿನ ಮಲಗಿದರೆ ಸರಿಹೋಗುತ್ತದೆ. ಫೋನ್ ಎತ್ತಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ನನ್ನ ದನಿ ಕೇಳಿದರೆ ನೀನು ಹಿಡಿದುಬಿಡುತ್ತೀಯ, ಆಮೇಲೆ ಊಟ ನಿದ್ದೆ ಬಿಡುತ್ತೀಯ. ತಮ್ಮನಿಗೆ ಅಕ್ಕ ಚೆನ್ನಾಗಿದ್ದಾಳೆ ಎಂದು ಹೇಳು. ಮಂಡಿನೋವಿನ ಮಾತ್ರೆ ತಪ್ಪಿಸಬೇಡ.

ನಿನ್ನ,
ಪುಟ್ಟಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಓಡಾಟದ ಸುಸ್ತು ಎಂದದ್ದು ಸುಳ್ಳು, ನಾನು ಎಲ್ಲಿಗೂ ಹೋಗಿಲ್ಲ. ನನಗೆ ಭಯವಾಗಬೇಕಿತ್ತು, ಅದೂ ಆಗುತ್ತಿಲ್ಲ. ಪತ್ರ ಸಿಕ್ಕಿದ ದಿನವೇ ಹೊರಟು ಬಾ ಅಮ್ಮಾ. ನೀನು ಬಾಗಿಲು ತಟ್ಟಿದಾಗ ನಾನು ಏಳದಿದ್ದರೆ ಒಳಗೆ ಯಾರೂ ಇಲ್ಲವೆಂದುಕೊಂಡು ಹಿಂದಿರುಗಬೇಡ. ತಟ್ಟುತ್ತಲೇ ಇರು.