ನಲವತ್ತು ದಿನ ಮಾತಿಲ್ಲ

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 5.30

ಸ್ನಾನ, ಪ್ರಾರ್ಥನೆ ಆಯಿತು. ಅನ್ನಕ್ಕಿಟ್ಟಿದ್ದೇನೆ. ಮಗಳ ಕೋಣೆ ಬಾಗಿಲು ಮುಚ್ಚೇ ಇದೆ. ಇವತ್ತಿಗೆ ಐದನೇ ದಿನ. ಇನ್ನು ಮೂವತ್ತೈದು.

ಬಾಯಿಬಿಡುವ ಹಾಗಿಲ್ಲ, ಅದಕ್ಕೇ ಈ ನೋಟ್‌ಬುಕ್ಕು. ದೇವರಿಗೆ ಮಾತು ಕೊಟ್ಟಿದ್ದೇನೆ — ನಲವತ್ತು ದಿನ ಈ ಹೊಸ್ತಿಲೊಳಗೆ ನಾನು ತುಟಿ ಪಿಟಕ್ಕೆನ್ನುವುದಿಲ್ಲ, ನನ್ನ ಮಗಳನ್ನು ಉಳಿಸಿಕೊಡು. ಯಾರಿಗೂ ಹೇಳಿಲ್ಲ. ಹರಕೆ ಇನ್ನೊಬ್ಬರ ಕಿವಿಗೆ ಬಿದ್ದರೆ ಹೋಯಿತು ಅಂತ ನಮ್ಮಮ್ಮ ಹೇಳುತ್ತಿದ್ದಳು.

ನನ್ನ ನಾಲಿಗೆ ಕೆಟ್ಟದ್ದು. ಹದಿನೇಳರ ಹುಡುಗಿ, ಎರಡು ತಿಂಗಳು ಕಾಲೇಜಿಗೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿದಳು. ಮೈಗಳ್ಳತನ ಅಂದುಕೊಂಡೆ. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ" ಅಂದೆ. ಮಾರನೇ ದಿನ ಅವಳ ತೋಳಿನ ಮೇಲಿನ ಗೀರು ನೋಡಿದೆ. ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಯಾಕೆ ಹಾಕುತ್ತಿದ್ದಳು ಅಂತ ಆಗ ತಿಳಿಯಿತು...

ಆಸ್ಪತ್ರೆಯ ಕೌನ್ಸೆಲರ್ ಮೇಡಂ ಹೇಳಿದ್ದರು: "ಸಿಟ್ಟು ಬಂದಾಗ ಸ್ವಲ್ಪ ತಡೀರಿ ಅಮ್ಮಾ. ಉಸಿರು ತಗೊಳ್ಳಿ. ಆಮೇಲೆ ಮಾತಾಡಿ." ಸ್ವಲ್ಪ ತಡೆಯುವುದು ನನ್ನ ಜನ್ಮಕ್ಕೆ ಬಂದಿಲ್ಲ. ಮುಚ್ಚಿದರೆ ಪೂರ್ತಿ ಮುಚ್ಚಬೇಕು.

ಮಾರ್ಚ್ 11, ಮಂಗಳವಾರ

ಮನೆಯವರಿಗೆ ಗಂಟಲು ಮುಟ್ಟಿ ತೋರಿಸಿದೆ, ನೋವು ಅನ್ನುವ ಹಾಗೆ. ಸುಳ್ಳು. ಬೇರೆ ದಾರಿ ಇರಲಿಲ್ಲ.

"ಇಪ್ಪತ್ತೆರಡು ವರ್ಷದಲ್ಲಿ ಇಂಥಾ ಭಾಗ್ಯ ಬಂದಿರ್ಲಿಲ್ಲ ನಂಗೆ" ಅಂದರು. ನಕ್ಕೆ. ಊಟದ ಹೊತ್ತಿಗೆ ಅವರಿಗೂ ಸಾಕಾಗಿತ್ತು. "ಅವಳು ಬಾಗಿಲು ಹಾಕ್ಕೊಂಡಿದಾಳೆ, ನೀನು ಬಾಯಿ ಹಾಕ್ಕೊಂಡಿದೀಯ. ನಾನು ಮನೇಲೂ ವಾಚ್‌ಮನ್ನೇ ಆದೆ ಬಿಡು."

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಬಾಗಿಲು ತೆರೆಯಿತು! ತಾನಾಗಿ ಬಂದಳು. ತಲೆ ಬಾಚಿಲ್ಲ, ಕಣ್ಣು ಒಳಗೆ ಹೋಗಿದೆ. ಕೈಯಲ್ಲಿ ಲೋಟ. ಉಪ್ಪು ಹಾಕಿದ ಬಿಸಿನೀರು.

"ಮುಕ್ಕಳಿಸಮ್ಮ. ಎಷ್ಟು ದಿನ ಆಯ್ತು, ಡಾಕ್ಟರಿಗೆ ತೋರ್ಸಕ್ಕೇನು ನಿಂಗೆ ದಾಡಿ?"

ನನ್ನ ಧಾಟಿಯಲ್ಲೇ ಬೈದಳು. ಮುಕ್ಕಳಿಸಿದೆ. ಕಣ್ಣಲ್ಲಿ ನೀರು ಬಂತು, ಬಿಸಿ ಜಾಸ್ತಿಯಾಯಿತೆಂದು ಊದಿಕೊಟ್ಟಳು. ದೇವರು ಕೇಳಿಸಿಕೊಂಡಿದ್ದಾನೆ. ಹದಿನಾಲ್ಕೇ ದಿನಕ್ಕೆ.

ಮಾರ್ಚ್ 20, ಗುರುವಾರ. ಸಂಜೆ

ಹೇಗೆ ಬರೆಯಲಿ.

ಕೆಲಸಕ್ಕೆ ಹೋಗುವ ಲಾಂಡ್ರಿಯಲ್ಲಿ ನಾನು ಮಾತಾಡಲೇಬೇಕು. ಬೆಡ್‌ಶೀಟ್ ಒಣಗಿಸುವ ಬಿಸಿ ರೋಲರು — ಆ ತುದಿಗೊಬ್ಬಳು, ಈ ತುದಿಗೊಬ್ಬಳು. "ಹಿಡಿ", "ಬಿಡು" ಅಂತ ಕೂಗದಿದ್ದರೆ ಕೈ ಒಳಗೆ ಹೋಗುತ್ತದೆ. ಹರಕೆ ಮನೆಯೊಳಗಿನದು, ಅಲ್ಲಿನದಲ್ಲ. ಆ ತುದಿಯಲ್ಲಿ ನನ್ನ ಜೊತೆ ಕೆಲಸದವಳು, ರೇಡಿಯೋ. ಬಾಯಿ ನಿಲ್ಲಿಸದ್ದಕ್ಕೆ ಎಲ್ಲರೂ ಇಟ್ಟ ಹೆಸರು.

"ನಮ್ಮತ್ತೆಗೆ ಕಿವಿ ಕೇಳ್ಸಲ್ಲ ಕಣೇ, ಆದ್ರೆ ನಾನು ಮನ್ಸಲ್ಲೇ ಬೈದ್ರೂ ತಿರುಗಿ ನೋಡ್ತಾಳೆ!"

"ನಿನ್ನ ಮನಸ್ಸಿಗೂ ಮೈಕ್ ಇದೆ, ಅದಕ್ಕೇ" ಅಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ತಲೆ ಎತ್ತಿದರೆ ಬಾಗಿಲಲ್ಲಿ ಮಗಳು. ಎಷ್ಟೋ ವಾರದ ಮೇಲೆ ಬೀದಿಗೆ ಬಂದಿದ್ದಳು. ಕೈಯಲ್ಲಿ ಫ್ಲಾಸ್ಕು. ನನ್ನ ಗಂಟಲಿಗೆ.

"ಗಂಟಲು ಚೆನ್ನಾಗೇ ಇದೆ" ಅಂದಳು, ಅಷ್ಟೇ. ಫ್ಲಾಸ್ಕನ್ನು ಮಡಚಿದ ಬಟ್ಟೆಯ ಮೇಲಿಟ್ಟು ಹೋದಳು.

"ನಿಲ್ಲೇ!" ಅಂದೆ. ಶೀಟು ಅರ್ಧ ಒಳಗಿತ್ತು. ಮೆಷಿನ್ ನಿಲ್ಲಿಸಿ ಬೀದಿಗೆ ಓಡುವಷ್ಟರಲ್ಲಿ ಇಲ್ಲ.

ಮನೆಗೆ ಬಂದರೆ ಅವಳ ಕೋಣೆಗೆ ಚಿಲಕ. ಒಳಗಿಂದ ಕೇಳಿದಳು: "ನನ್ ಹತ್ರ ಮಾತಾಡಕ್ಕೆ ಅಷ್ಟು ಅಸಹ್ಯನಾ ಅಮ್ಮಾ ನಿಂಗೆ?"

ಮಾತು ಹಲ್ಲಿನವರೆಗೆ ಬಂತು. ಮುರಿದರೆ? ಅವಳ ಜೀವಕ್ಕೆಂದೇ ಕಟ್ಟಿಕೊಂಡ ಹರಕೆ. ಮುರಿದ ಮೇಲೆ ಅವಳಿಗೇನಾದರೂ ಆದರೆ? ನುಂಗಿಕೊಂಡೆ. ಬಾಗಿಲ ಮೇಲೆ ಅಂಗೈಯಿಟ್ಟು ನಿಂತೆ. ಒಳಗಿದ್ದವಳಿಗೆ ಅದು ಹೇಗೆ ಕಾಣಬೇಕು.

ಮಾರ್ಚ್ 26, ಬುಧವಾರ

ಬರೆಯಲು ಆಗಿರಲಿಲ್ಲ.

ಕೌನ್ಸೆಲರ್ ಮೇಡಂ ಆಸ್ಪತ್ರೆಗೆ ಕರೆಸಿದರು. ಬದುಕುವುದು ಬೇಡ ಅನ್ನಿಸುತ್ತಿದೆ ಎಂದು ಮಗಳು ಅವರ ಹತ್ತಿರ ಹೇಳಿಕೊಂಡಿದ್ದಾಳೆ. "ಹೇಳಿದ್ಳಲ್ಲ, ಅದು ಒಳ್ಳೇದಾಯ್ತು. ಈಗ ಒಬ್ಬಳನ್ನೇ ಬಿಡೋದು ಬೇಡ. ಇವತ್ತೇ ಅಡ್ಮಿಟ್ ಮಾಡೋಣ."

ಅದು ಮನೆಯಲ್ಲ. ಮಾತಾಡಿದೆ. "ನೀನು ಬೇಕು ಕಂದಾ ನಂಗೆ. ನೀನಿಲ್ದೆ ನಾನೇನು ಮಾಡ್ಲಿ." ಕೈ ಹಿಡಿದೆ. ಬಿಡಿಸಿಕೊಂಡಳು.

"ಮೇಡಂ ಮುಂದೆ ಚೆನ್ನಾಗಿ ಮಾತಾಡ್ತೀಯ. ಮನೇಲಿ ಆಡು, ನೋಡಣ."

ಅವಳನ್ನು ವಾರ್ಡಿಗೆ ಕರೆದುಕೊಂಡು ಹೋದ ಮೇಲೆ ಮೇಡಂ ಕೇಳಿದರು, ಮನೇಲಿ ಯಾಕೆ ಮಾತಿಲ್ಲ? ಹರಕೆ ಹೇಳುವ ಹಾಗಿಲ್ಲ. "ಸಿಟ್ಟನ್ನ ತಡೀರಿ ಅಂದಿದ್ದೆ. ಮಾತನ್ನೇ ನಿಲ್ಸಿ ಅಂದಿರ್ಲಿಲ್ಲ. ಸುಮ್ಮನಿದ್ರೆ ಅವಳಿಗೆ ಅದೂ ಬೈಗುಳಾನೇ ಅಮ್ಮಾ."

ಮನೆಯವರು ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಏಪ್ರಿಲ್ 8, ಮಂಗಳವಾರ. ಸಂಜೆ

ಮೂವತ್ತೇಳನೇ ದಿನ. ನಾಳೆ ಮನೆಗೆ ಕಳಿಸುತ್ತಾರಂತೆ. ಮಾತ್ರೆ ಬೀಗದಲ್ಲಿಡಿ, ಒಬ್ಬಳನ್ನೇ ಬಿಡಬೇಡಿ, ಮಾತಾಡಿಸುತ್ತಿರಿ — ಡಾಕ್ಟರು ಮೂರು ಸಲ ಹೇಳಿದರು.

ನರ್ಸನ್ನು ಪಕ್ಕಕ್ಕೆ ಕರೆದು, ಇನ್ನು ಮೂರೇ ದಿನ ಇಟ್ಟುಕೊಳ್ಳಲು ಆಗುತ್ತದಾ ಅಂತ ಕೇಳಿದೆ. "ಇದೇನು ಲಾಡ್ಜಾ ಅಮ್ಮಾ? ಮಗಳು ಮನೆಗೆ ಬರೋದು ಬೇಡ್ವಾ?" ಅಂದಳು. ಮಂಚದ ಮೇಲಿದ್ದ ಮಗಳಿಗೆ ಕೇಳಿಸಿತು. ಮಗ್ಗುಲು ತಿರುಗಿದಳು. ಥೂ ನನ್ನ ಬುದ್ಧಿಗೆ.

ಮನೆಗೆ ಬಂದು ದೇವರ ಮುಂದೆ ಕೂತೆ. ಮನಸ್ಸಲ್ಲೇ ಜಗಳ ತೆಗೆದೆ. ಮೂರು ದಿನ ಬಿಟ್ಟುಕೊಟ್ಟರೆ ನಿನ್ನ ಗಂಟೇನು ಹೋಗುತ್ತದೆ? ಒಂದು ಸೂಚನೆಯಾದರೂ ಕೊಡು. ಕಾದೆ. ಮಂಡಿ ಮರಗಟ್ಟಿತು. ಆ ಕಡೆಯಿಂದ ಏನೂ ಇಲ್ಲ.

ಬಾಗಿಲಾಚೆ ಕೂತು ಅವಳೂ ಹೀಗೇ ಕಾದಿರಬೇಕು.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 11.15

ಬಂದಿದ್ದಾಳೆ. ಹೊಸ್ತಿಲಾಚೆ, ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಕೂತಿದ್ದಾಳೆ. ಮೂಳೆ ಚಕ್ಕಳ. ಒಳಗೆ ಬರುವುದಿಲ್ಲವಂತೆ.

"ಬಾರೇ ಒಳಗೆ" ಅಂತ ಇವರು.

"ಅವಳು ಕರೀಲಿ. ಒಳಗಿಂದ ಕರೀಲಿ. ಇಲ್ದಿದ್ರೆ ವಾಪಸ್ ವಾರ್ಡಿಗೇ ಬಿಟ್ಬಿಡಪ್ಪ. ಅಲ್ಲಿ ಆಯಾನಾದ್ರೂ ಮಾತಾಡ್ತಾಳೆ."

ನಾನು ಅಡುಗೆಮನೆಯಲ್ಲಿ. ಈ ನೋಟ್‌ಬುಕ್ಕು ಹಿಡಿದುಕೊಂಡೆ. ಅಕ್ಷರ ಕಾಗೆ ಕಾಲು ಆಗುತ್ತಿದೆ. ಕೊಟ್ಟ ಮಾತು ಮುರಿಯುತ್ತಿದ್ದೇನೆ, ದೇವರೇ. ಇನ್ನೆರಡೇ ದಿನ ಅಂತ ಗೊತ್ತು. ದಂಡ ಇದ್ದರೆ ನನ್ನಿಂದ ತಗೋ, ನನ್ನ ಕಣ್ಣು ತಗೋ, ಈ ನಾಲಿಗೆ ತಗೋ, ಅವಳನ್ನು ಮಾತ್ರ ಮುಟ್ಟಿದರೆ

ಚಪ್ಪಲಿ ಸದ್ದು. ಎದ್ದಳು. "ನಡಿಯಪ್ಪ" ಅಂದಳು. ಮೆಟ್ಟಿಲಿಳೀತಿದಾಳೆ. ಒಂದು. ಎರ