ಕೆಜಾಯಾಳ ತೋಳು

ಪರ್ಲ್ ಕ್ರಾಸಿಂಗ್, ಮಿಸಿಸಿಪ್ಪಿ
೧೭ ಮೇ ೨೦೨೨

ನನ್ನ ಮುದ್ದಿನ ಲೆಮ್ಯುಅಲ್,

ಸೊಂಟನೋವು ಹೇಗಿದೆ ಮಗಾ? ನಿಮ್ಮ ಸರಕು ದೋಣಿಯ ಅಡುಗೆಯವನು ಈಗಲಾದರೂ ಮೀನು ಕರಿಯುವುದನ್ನು ಕಲಿತನೋ ಇಲ್ಲವೋ? ನನ್ನ ಮಂಡಿ ದಿನವೂ ಗೊಣಗುತ್ತದೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಈಗ ನಿನ್ನ ಮಗಳ ಸುದ್ದಿ, ಕೂತು ಓದು. ಕಾಲೇಜು ತಂಡದ ಮಕ್ಕಳು ತಮ್ಮ ಹೆಸರು, ಮುಖವನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದೆಂದು ಹೋದ ವರ್ಷ ಕಾನೂನು ಬಂದಾಗ ನನಗೆ ಸಂತೋಷಕ್ಕಿಂತ ಭಯವೇ ಆಗಿತ್ತು. ಟೈರ್ ಅಂಗಡಿಯ ಪೋಸ್ಟರಿಗೆ ನಿಂತೆಯೆಂದು ನಿನ್ನನ್ನು ಕಾಲೇಜಿನ ಫುಟ್‌ಬಾಲ್ ತಂಡದಿಂದ ತೆಗೆದುಹಾಕಿದರಲ್ಲ, ಅಂದು ನೀನು ಚೀಲ ಹೊತ್ತು ಬಾಗಿಲಲ್ಲಿ ನಿಂತದ್ದು ಇನ್ನೂ ನನ್ನ ಕಣ್ಣಲ್ಲಿದೆ. ಕೆಜಾಯಾ ಮಾತ್ರ ನಕ್ಕುಬಿಟ್ಟಳು. "ಆ ಕಾಲ ಹೋಯ್ತಜ್ಜಿ. ಈಗ ನನ್ ಮುಖ ನಂದೇ."

ಕಬ್ಬಿಣದ ಗುಂಡು ಎಸೆಯುವ ಹುಡುಗಿಯನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದೆವು. ಚಳಿಗಾಲದಲ್ಲಿ ತೂಕ ಇಳಿಸುವ ಪುಡಿಯ ಕಂಪನಿಯೊಂದು ಬಂತು. ಫೋಟೊ ತೆಗೆದರು. ಒಪ್ಪಂದದ ಸಹಿಗೆ ಕರೆದ ದಿನ ನಾನೂ ಹೋಗಿದ್ದೆ. ಜಾಹೀರಾತು ತೋರಿಸಿದರೆ, ಮುಖ ನಮ್ಮ ಹುಡುಗಿಯದು, ತೋಳು ಯಾವಳೋ ಬಡಕಲಿಯದು! "ಸ್ವಲ್ಪ ನೀಟ್ ಮಾಡಿದೀವಿ ಅಷ್ಟೇ, ಎಲ್ರೂ ಮಾಡಿಸ್ಕೋತಾರೆ" ಅಂದ ಕಂಪನಿಯವನು. ಕೋಚ್ ಕೂಡ, "ಹಾಕ್ಬಿಡಮ್ಮ ಸಹಿ, ಇಂಥ ಚಾನ್ಸ್ ಮತ್ತೆ ಬರಲ್ಲ" ಎಂದು ಪಿಸುಗುಟ್ಟಿದ. ಸಹಿ ಹಾಕಿದ್ದರೆ ತಳ್ಳದೆ ಹೊರಡುವ ಕಾರೊಂದು ಅವಳಿಗೆ ಬರುತ್ತಿತ್ತು. ಅವಳು ಪೆನ್ನು ಮೇಜಿನ ಮೇಲಿಟ್ಟಳು.

"ಈ ತೋಳಿಲ್ದೆ ಗುಂಡು ಯಾರ್ ಎಸೀತಾರೆ ಸಾರ್, ನೀವಾ? ಹಾಕೋದಾದ್ರೆ ನಾನ್ ಹೇಗಿದೀನೋ ಹಾಗೇ ಹಾಕಿ. ಇಲ್ಲಾಂದ್ರೆ ಅಳಿಸಿ, ಈಗ್ಲೇ, ನನ್ನೆದುರಿಗೇ."

ಕಂಪನಿಯವನು ಗೊಣಗಿದ, ಖರ್ಚಾಗಿದೆ ಅಂದ. ಇವಳು ಕದಲಲಿಲ್ಲ. ಕೊನೆಗೆ ಅಳಿಸಿದ. ಹೊರಗೆ ಬಂದು ಕಾರು ತಳ್ಳುವಾಗ ಮಾತ್ರ ಬಿಕ್ಕಿಬಿಕ್ಕಿ ಅತ್ತಳು, ಪಾಪ. ನಾನೂ ಪಕ್ಕದಲ್ಲಿ ತಳ್ಳುತ್ತಿದ್ದೆ.

ಮಾತು ಚರ್ಚಿನ ತುಂಬ ಹಬ್ಬಿತು. ದಪ್ಪ ಹೆಂಗಸರಿಗೆ ಭಾನುವಾರದ ಉಡುಪು ಹೊಲಿಯುವ ಫಿಲೊಮಿನಾ ಟಿಬ್ಸ್ ಮನೆಗೇ ಬಂದಳು. "ನನ್ನಂಗಡಿಗೆ ಬರೋರು ಯಾರೂ ಕಡ್ಡಿಗಳಲ್ಲ ಕಣೇ. ನಂಗೆ ಆ ತೋಳೇ ಬೇಕು!" ಅಂದಳು. ಈಗ ಹೆದ್ದಾರಿಯ ತಿರುವಿನ ಜಾಹೀರಾತು ಫಲಕ ನೋಡಬೇಕು ನೀನು: ತೋಳಿಲ್ಲದ ಹಳದಿ ಗೌನು, ಗದ್ದದಡಿ ಗುಂಡು, ಮನೆಯೆತ್ತರದ ನಿನ್ನ ಮಗಳು! ಲಾರಿಯವರು ಹಾರ್ನ್ ಹೊಡೆದು ಹೋಗುತ್ತಾರೆ. "ಇವಳನ್ನ ಯಾರ್ ಮದ್ವೆ ಆಗ್ತಾರೆ" ಎನ್ನುತ್ತಿದ್ದ ಪಾದ್ರಿಯ ಹೆಂಡತಿಯೇ ಅದೇ ಗೌನು ಹೊಲಿಸಿಕೊಂಡಿದ್ದಾಳೆ, ಅವಳಿಗೆ ಒಪ್ಪುವುದಿಲ್ಲ, ಇರಲಿ. ಕಳೆದ ಶನಿವಾರವಂತೂ ಹುಡುಗಿ ಇಡೀ ಕಾಲೇಜು ಲೀಗಿಗೇ ಮೊದಲು ಬಂದಳು. ಗುಂಡು ಬಿದ್ದ ಸದ್ದಿಗಿಂತ ನನ್ನ ಕೂಗೇ ಜೋರಾಗಿತ್ತಂತೆ.

ದೇವರು ನಿನ್ನ ದೋಣಿಯನ್ನೂ ನಿನ್ನ ಸೊಂಟವನ್ನೂ ಕಾಯಲಿ.

ನಿನ್ನನ್ನು ಹೆತ್ತವಳು,
ಅರ್ಡೆಲ್ಲಾ

ಮರೆತೆ: ಪದಕ ಕೊರಳಿಗೆ ಬಿದ್ದ ಕೂಡಲೇ ಅವಳು ನನ್ನನ್ನು ಕೇಳಿದ್ದು, "ಅಪ್ಪ ಬಂದ್ರಾ?" ಮುಂದಿನ ವಾರ ಇನ್ನೂ ದೊಡ್ಡ ಸ್ಪರ್ಧೆಯಿದೆ. ನಿನ್ನ ದೋಣಿಯ ಕ್ಯಾಪ್ಟನ್‌ಗೆ ಫೋನ್ ಮಾಡಿದ್ದೆ. ಕೇಳಿದರೆ ರಜೆ ಕೊಡುತ್ತಾನಂತೆ, ನೀನು ಕೇಳೇ ಇಲ್ಲವಂತೆ. ತಂಡದಿಂದ ತೆಗೆದ ಮೇಲೆ ನೀನು ಯಾವ ಮೈದಾನದ ಗೇಟನ್ನೂ ದಾಟಿಲ್ಲ, ನನಗೆ ಗೊತ್ತಿಲ್ಲವೇ? ರಜೆ ಕೇಳು ಮಗಾ, ಬಾ. ನಿನ್ನನ್ನು ಯಾರೂ ಹೊರಗೆ ಹಾಕುವುದಿಲ್ಲ. ಹಾಕಲು ಬಂದರೆ ನಾನಿದ್ದೇನೆ.